ದುಬೈಯ ಒಂದು ಕೋಣೆಯ ಮನೆಯಲ್ಲಿ ಸಂಸಾರ, ಸತ್ಕಾರ: ಕರಾವಳಿಯ ಕ್ರೈಸ್ತ ದಂಪತಿಗಳಿಗೊಂದು ಮಾರ್ಗದರ್ಶಿ

ನಮ್ಮ ಊರಿನಲ್ಲಿ ಬಿಸಿಲಿನಲ್ಲಿ ಬಂದವರ ಮುಂದೆ ಮೊದಲು ಇಡುವುದು ಬೆಲ್ಲ ಮತ್ತು ನೀರು. ಕಾಫಿ, ಮಾತು, ಬಂದ ಕಾರಣ, ಎಲ್ಲವೂ ಆಮೇಲೆ. ನಾನು ವಿಸಿಟ್ ವೀಸಾದಲ್ಲಿ ದುಬೈಗೆ ಬಂದಿಳಿದ ಮೊದಲ ವಾರ, ಕರಾಮಾದ ಹಳೆಯ ಕಟ್ಟಡವೊಂದರಲ್ಲಿ, ಪರಿಚಯವೇ ಇಲ್ಲದ ಬಂಟ್ವಾಳ ಕಡೆಯ ದಂಪತಿ ನನ್ನ ಮುಂದೆ ಇಟ್ಟದ್ದೂ ಅದೇ. ಪೂಜೆ ಮುಗಿಸಿ ಚರ್ಚಿನ ಅಂಗಳದಲ್ಲಿ ಪೆಚ್ಚಾಗಿ ನಿಂತಿದ್ದವನನ್ನು ‘ಮನೆಗೆ ಬನ್ನಿ, ಗಂಜಿ ಇದೆ’ ಎಂದು ಕರೆದುಕೊಂಡು ಹೋಗಿದ್ದರು. ಗಂಜಿ, ಒಣಮೀನಿನ ಚಟ್ನಿ, ತೊಂಡೆಕಾಯಿ ಪಲ್ಯ. ಅಷ್ಟೇ. ಆದರೆ ಅವರ ಮನೆಯಲ್ಲಿ ಪ್ರತಿ ವಾರವೂ ಯಾರಾದರೊಬ್ಬರು ಹೀಗೆ ಉಣ್ಣುತ್ತಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು.

ಮದುವೆಯಾದ ಮೇಲೆ ನಾವು ಇದನ್ನು ಮರೆತೆವು. ಮೊದಲ ಕ್ರಿಸ್ಮಸ್‌ಗೆ ಇಪ್ಪತ್ತೆರಡು ಜನರನ್ನು ಕರೆದು, ಹನ್ನೊಂದು ಬಗೆ ಮಾಡಿ, ಮೂರು ದಿನ ಒಬ್ಬರಿಗೊಬ್ಬರು ಮಾತನಾಡದೆ ಕಳೆದೆವು. ಊರಿನಲ್ಲಿ ಅಷ್ಟು ಜನ ಬಂದರೆ ಅತ್ತಿಗೆಯಂದಿರು ಇರುತ್ತಾರೆ, ಪಕ್ಕದ ಮನೆಯವರು ತೆಂಗಿನಕಾಯಿ ತುರಿದು ಕೊಡುತ್ತಾರೆ, ಹಿತ್ತಲಿನಲ್ಲಿ ಪಾತ್ರೆ ತೊಳೆಯಲು ಜಾಗ ಇರುತ್ತದೆ. ಇಲ್ಲಿ ಇಬ್ಬರೇ. ಹಾಗಾಗಿ ಈ ಬರಹದ ಎಲ್ಲ ಸಲಹೆಗಳ ಹಿಂದೆ ಒಂದೇ ಅಳತೆಗೋಲಿದೆ: ಮುಂದಿನ ವಾರ ಮತ್ತೊಮ್ಮೆ ಮಾಡಲು ಆಗುವಷ್ಟೇ ಮಾಡಿ.

ಮೊದಲು ಕಾಗದ

ಇದನ್ನು ಬೇಗ ಮುಗಿಸುತ್ತೇನೆ, ಆದರೆ ಬಿಡುವಂತಿಲ್ಲ. ಹೆಂಡತಿಯನ್ನು ಕರೆಸಿಕೊಳ್ಳಲು ಚರ್ಚಿನ ವಿವಾಹ ಪತ್ರವೊಂದೇ ಸಾಲದು. ಸರ್ಕಾರಿ ನೋಂದಣಿಯ ಪ್ರಮಾಣಪತ್ರ ಮಾಡಿಸಿ, ಅದಕ್ಕೆ ಕರ್ನಾಟಕ ಸರ್ಕಾರದ, ದೆಹಲಿಯ ವಿದೇಶಾಂಗ ಸಚಿವಾಲಯದ ಮತ್ತು ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿಯ ಮುದ್ರೆ ಹಾಕಿಸಬೇಕು. ಇಲ್ಲಿಗೆ ಬಂದ ಮೇಲೆ ಇಲ್ಲಿನ ವಿದೇಶಾಂಗ ಸಚಿವಾಲಯದ್ದು ಇನ್ನೊಂದು. ಮದುವೆಗೆಂದು ಪಡೆದ ರಜೆಯಲ್ಲೇ ಈ ಓಡಾಟ ಶುರುಮಾಡಿ. ಮಧುಚಂದ್ರಕ್ಕೆ ಊಟಿಗೆ ಹೋಗಿ ಬಂದವರು ಆಮೇಲೆ ಆರು ತಿಂಗಳು ಫೋನಿನಲ್ಲೇ ಸಂಸಾರ ಮಾಡಿದ್ದನ್ನು ಕಂಡಿದ್ದೇನೆ.

ಬಾಡಿಗೆ ಕರಾರನ್ನು ದುಬೈಯ ಸರ್ಕಾರಿ ನೋಂದಣಿ ವ್ಯವಸ್ಥೆಯಾದ ‘ಇಜಾರಿ’ಯಲ್ಲಿ ನೋಂದಾಯಿಸಿದ ಮೇಲೆ, ಮನೆಯಲ್ಲಿ ವಾಸಿಸುವ ಎಲ್ಲರ ಹೆಸರನ್ನೂ ಭೂ ಇಲಾಖೆಯ ಆ್ಯಪ್‌ನಲ್ಲಿ ಸೇರಿಸಬೇಕು. ಇದು 2022ರಿಂದ ಇರುವ ನಿಯಮ. ವಿದ್ಯುತ್ ಮತ್ತು ನೀರಿನ ಸಂಪರ್ಕಕ್ಕೆ ಫ್ಲ್ಯಾಟ್ ಆದರೆ 2000 ದಿರ್ಹಾಮ್ ಠೇವಣಿ. ಬಾಡಿಗೆಯನ್ನು ಸಾಮಾನ್ಯವಾಗಿ ಮುಂದಿನ ದಿನಾಂಕದ ಚೆಕ್ಕುಗಳಲ್ಲಿ ಕೊಡುವುದರಿಂದ, ಚೆಕ್ಕು ಹೋಗುವ ತಿಂಗಳುಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತಿಸಿ. ಆ ತಿಂಗಳು ದೊಡ್ಡ ಊಟಕ್ಕೆ ಯಾರನ್ನೂ ಕರೆಯಬೇಡಿ.

ಮನೆ ಹುಡುಕುವಾಗ

ಏಜೆಂಟರು ಈಜುಕೊಳ ತೋರಿಸುತ್ತಾರೆ. ನೀವು ಅಡುಗೆಮನೆಗೆ ಹೋಗಿ ನಿಲ್ಲಿ. ಹೊಸ ಕಟ್ಟಡಗಳಲ್ಲಿ ಅಡುಗೆಮನೆ ಹಾಲ್‌ಗೆ ತೆರೆದುಕೊಂಡಿರುತ್ತದೆ, ನೋಡಲು ಚೆಂದ. ಬಂಗುಡೆ ಹುರಿದ ದಿನ ಸೋಫಾ, ಪರದೆ, ಆಫೀಸಿನ ಅಂಗಿ ಎಲ್ಲವೂ ಬಂಗುಡೆಯೇ. ಬಾಗಿಲು ಹಾಕಿಕೊಳ್ಳಲು ಬರುವ, ಹೊಗೆಯನ್ನು ಹೊರಗೆ ತಳ್ಳುವ ಫ್ಯಾನ್ ಇರುವ ಅಡುಗೆಮನೆ ಹಳೆಯ ಕರಾಮಾ, ಬರ್ ದುಬೈ ಕಟ್ಟಡಗಳಲ್ಲಿ ಇನ್ನೂ ಸಿಗುತ್ತದೆ.

ಎರಡನೆಯದು, ಚರ್ಚಿಗೆ ಎಷ್ಟು ದೂರ. ಔದ್ ಮೇಥಾದ ಸೇಂಟ್ ಮೇರೀಸ್ ಚರ್ಚು ದುಬೈಯ ದೊರೆ ಶೇಖ್ ರಾಶಿದ್ ಕೊಟ್ಟ ಜಾಗದಲ್ಲಿ 1967ರಲ್ಲಿ ಎದ್ದದ್ದು, ಈಗಿನ ಕಟ್ಟಡ 1989ರದ್ದು. ಮರೀನಾ, ಜೆಬೆಲ್ ಅಲಿ ಕಡೆ ಇರುವವರಿಗೆ 2001ರಲ್ಲಿ ಸೇಂಟ್ ಫ್ರಾನ್ಸಿಸ್ ಆಫ್ ಅಸಿಸಿ ಚರ್ಚು ಬಂತು. ಶಾರ್ಜಾದವರಿಗೆ ಸೇಂಟ್ ಮೈಕಲ್ಸ್ ಇದೆ. ಔದ್ ಮೇಥಾಕ್ಕೆ ಮೆಟ್ರೊದ ಹಸಿರು ಮಾರ್ಗದಲ್ಲಿ ಹೋಗಿ. ಪೂಜೆಯ ಹೊತ್ತಿಗೆ ಅಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವವನು ಪಾಪನಿವೇದನೆ ಮಾಡಿಕೊಳ್ಳಬೇಕಾದ ಮಾತುಗಳನ್ನೇ ಆಡುತ್ತಾನೆ.

ಮೂರನೆಯದು, ಅತಿಥಿಗಳ ಕಾರಿಗೆ ಜಾಗ ಇದೆಯೇ ಎಂದು ಕಾವಲುಗಾರನನ್ನು ಕೇಳಿ. ಏಜೆಂಟರನ್ನಲ್ಲ.

ಪೀಠ, ತೆರ್ಸ್, ಗಡಿಯಾರ

ಮನೆ ಸೇರಿದ ದಿನವೇ ಒಂದು ಮೂಲೆಯನ್ನು ಪೀಠಕ್ಕೆಂದು ಗೊತ್ತುಮಾಡಿ, ಇಲ್ಲದಿದ್ದರೆ ಟಿವಿ ಆ ಮೂಲೆಗೆ ಬರುತ್ತದೆ. ಒಂದು ಶಿಲುಬೆ, ಮಾತೆ ಮರಿಯಮ್ಮನ ಸಣ್ಣ ಪ್ರತಿಮೆ, ಬ್ಯಾಟರಿಯ ದೀಪ ಸಾಕು. ಹೊಗೆ ಪತ್ತೆ ಮಾಡುವ ಸಾಧನದ ಕೆಳಗೆ ಮೇಣದ ಬತ್ತಿ, ಧೂಪ ಹಚ್ಚಬೇಡಿ. ಕಟ್ಟಡದ ಗಂಟೆ ಬಾರಿಸಿ ಎಲ್ಲರನ್ನೂ ಕೆಳಗಿಳಿಸಿದ ಅನುಭವ ನಮಗಿದೆ.

ಮನೆ ಆಶೀರ್ವಾದಕ್ಕೆ ಪಾದ್ರಿಗಳನ್ನು ಕರೆಯಬಹುದು. ಆದರೆ ಇದು ಊರಿನ ಮುನ್ನೂರು ಕುಟುಂಬಗಳ ಧರ್ಮಕೇಂದ್ರವಲ್ಲ, ಕಚೇರಿಯಲ್ಲಿ ಹೆಸರು ಬರೆಸಿ ಕಾಯಬೇಕು. ಕಾಯುವಷ್ಟು ದಿನ ಮನೆಯನ್ನು ಖಾಲಿ ಬಿಡಬೇಕಾಗಿಲ್ಲ. ಗಂಡಹೆಂಡತಿ ಇಬ್ಬರೇ ತೆರ್ಸ್, ಅಂದರೆ ಜಪಮಾಲೆ, ಹೇಳಿ ಹಾಲು ಉಕ್ಕಿಸಿದರೂ ಸಂಸಾರ ಶುರುವಾಗುತ್ತದೆ.

ಊರಿನೊಂದಿಗೆ ಸೇರಿ ಜಪಮಾಲೆ ಹೇಳುವ ಆಸೆ ಎಲ್ಲರಿಗೂ ಇರುತ್ತದೆ. ಇಲ್ಲಿಗೂ ಊರಿಗೂ ಒಂದೂವರೆ ಗಂಟೆ ಅಂತರ. ಅಲ್ಲಿ ಏಳೂವರೆಗೆ ತೆರ್ಸ್‌ಗೆ ಕೂರುವಾಗ ಇಲ್ಲಿ ಆರು ಗಂಟೆ, ನೀವು ಶೇಖ್ ಜಾಯೆದ್ ರಸ್ತೆಯಲ್ಲಿ ಬ್ರೇಕ್ ಒತ್ತುತ್ತಾ ಕುಳಿತಿರುತ್ತೀರಿ. ವಾರದ ದಿನ ಹಟ ಮಾಡದೆ, ರಜೆಯ ಒಂದು ಸಂಜೆ ಕುಳಿತರೆ ಸಾಕು. ವಾಟ್ಸ್‌ಆಪ್ ಕರೆ ಇಲ್ಲಿ ಹೋಗುವುದಿಲ್ಲ. ಬೋಟಿಮ್ ಅಥವಾ ಗೂಗಲ್ ಮೀಟ್ ಅನ್ನು ಅಮ್ಮನ ಮೊಬೈಲಿನಲ್ಲಿ ಹಾಕಿ, ನೀವು ಊರಿನಲ್ಲಿರುವಾಗಲೇ ಎರಡು ಬಾರಿ ಅಭ್ಯಾಸ ಮಾಡಿಸಿ. ತೆರ್ಸ್ ಮುಗಿದು ಹಿರಿಯರ ‘ಬೆಸಾಂವ್’, ಅಂದರೆ ಆಶೀರ್ವಾದ, ಕೇಳುವಾಗ ಮಾತ್ರ ಮೊಬೈಲನ್ನು ಮೇಜಿನ ಮೇಲಿಡದೆ ಕೈಯಲ್ಲಿ ಹಿಡಿದುಕೊಳ್ಳಿ. ಹಿರಿಯರಿಗೆ ನಿಮ್ಮ ತಲೆ ಕಾಣಬೇಕು, ಕೈ ಎತ್ತಿ ಆಶೀರ್ವದಿಸುವುದು ಅದಕ್ಕೇ.

ಮನೆಯಲ್ಲಿ ನಾಲ್ಕು ಜನ ಸ್ನೇಹಿತರು ಕುಳಿತು ಜಪಮಾಲೆ ಹೇಳುವುದು ಬೇರೆ, ಮನೆಯನ್ನೇ ಪ್ರಾರ್ಥನಾಲಯ ಮಾಡುವುದು ಬೇರೆ. ಮುಸ್ಲಿಮೇತರರ ಆರಾಧನಾ ಸ್ಥಳಗಳಿಗೆ ಇಲ್ಲಿ ಪರವಾನಗಿ ಬೇಕು. ನೆರೆಯವರಿಗೆ ಧರ್ಮಬೋಧೆ ಮಾಡುವಂತಿಲ್ಲ. ನಮ್ಮವರು ತಿಳಿಯದೆ ಎಡವುವ ಇನ್ನೊಂದು ಜಾಗ ವಂತಿಗೆ. ಊರಿನಲ್ಲಿ ಯಾರಿಗೋ ಡಯಾಲಿಸಿಸ್, ಯಾವುದೋ ಚಾಪೆಲ್‌ಗೆ ಛಾವಣಿ. ಪ್ರಾರ್ಥನೆ ಮುಗಿದ ಮೇಲೆ ಲಕೋಟೆ ಸುತ್ತುವುದು, ವಾಟ್ಸ್‌ಆಪ್ ಗುಂಪಿನಲ್ಲಿ ಹಣ ಕೇಳುವುದು ಇಲ್ಲಿ ಅನುಮತಿಯಿಲ್ಲದ ಸಂಗ್ರಹವಾಗುತ್ತದೆ. 2021ರ ಒಕ್ಕೂಟ ಕಾನೂನು ಈ ವಿಷಯದಲ್ಲಿ ಬಿಗಿಯಾಗಿದೆ. ಸಹಾಯ ಮಾಡುವುದಿದ್ದರೆ ನೀವಾಗಿಯೇ, ನಿಮ್ಮ ಖಾತೆಯಿಂದ, ನೇರವಾಗಿ ಊರಿಗೆ ಕಳುಹಿಸಿ.

ಉಗ್ರಾಣ

ಕುಚ್ಚಲಕ್ಕಿ, ಬ್ಯಾಡಗಿ ಮೆಣಸು, ಕೋಕಂ, ಬೆಲ್ಲ, ಹಪ್ಪಳ, ಎಲ್ಲವೂ ಕರಾಮಾದ ಮತ್ತು ಬರ್ ದುಬೈಯ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ಅದನ್ನೆಲ್ಲ ಊರಿನಿಂದ ಹೊತ್ತು ತರುವುದು ದಡ್ಡತನ. ಊರಿನಿಂದ ತರಬೇಕಾದದ್ದು ಮಾಂಸದಡುಗೆಗೆ ಹಾಕುವ ನಿಮ್ಮ ಮನೆಯ ಬಫಾತ್ ಮಸಾಲೆ ಪುಡಿ, ಏಕೆಂದರೆ ಅದು ಪ್ರತಿ ಮನೆಯಲ್ಲೂ ಬೇರೆ. ನನ್ನ ತಾಯಿಯ ಪುಡಿಯಲ್ಲಿ ಕಾಳುಮೆಣಸು ಮುಂದು, ಅತ್ತೆಯವರದ್ದರಲ್ಲಿ ಕೊತ್ತಂಬರಿ ಮುಂದು. ನಮ್ಮ ಮನೆಯಲ್ಲಿ ಎರಡೂ ಡಬ್ಬಿಗಳಿವೆ, ಯಾವುದರ ಮೇಲೂ ಹೆಸರು ಬರೆದಿಲ್ಲ.

ಗಸಗಸೆ ಮಾತ್ರ ಒಂದು ಚಿಟಿಕೆಯೂ ಬೇಡ. ಅದು ಯುಎಇಯಲ್ಲಿ ನಿಷಿದ್ಧ. ಊರಿನ ಮಸಾಲೆಯ ಪೊಟ್ಟಣದಲ್ಲಿ, ಸಿಹಿತಿಂಡಿಯಲ್ಲಿ ಕೂಡ ಅದು ಅಡಗಿ ಕುಳಿತಿರುತ್ತದೆ, ಕೇಳಿ ತಿಳಿದುಕೊಳ್ಳಿ. ಗಸಗಸೆ ಬೇಕಾಗುವ ಕಡೆ ಗೋಡಂಬಿ ಅಥವಾ ಕಲ್ಲಂಗಡಿ ಬೀಜ ಅರೆದು ಹಾಕಿದರೆ ಗಸಿ ಮಂದವಾಗುತ್ತದೆ, ರುಚಿಯೂ ಕೆಡುವುದಿಲ್ಲ. ಎಲೆಅಡಿಕೆ ಹಾಕುವ ಅಜ್ಜಿ ಬರುವುದಾದರೆ ಅವರಿಗೂ ಮೊದಲೇ ಹೇಳಿ, ವೀಳ್ಯದೆಲೆಗೂ ಇಲ್ಲಿಗೆ ಪ್ರವೇಶವಿಲ್ಲ.

ಹಂದಿಮಾಂಸ ಕೆಲವು ದೊಡ್ಡ ಸೂಪರ್‌ಮಾರ್ಕೆಟ್‌ಗಳ ಹಿಂಭಾಗದಲ್ಲಿ ‘ಮುಸ್ಲಿಮೇತರರಿಗೆ’ ಎಂಬ ಫಲಕವಿರುವ ಪ್ರತ್ಯೇಕ ಕೋಣೆಯಲ್ಲಿ ಸಿಗುತ್ತದೆ. ಕೊಂಡ ಮೇಲೆ ನಿಮ್ಮ ಕೆಲಸ ಮೂರು: ಅದಕ್ಕೇ ಮೀಸಲಾದ ಒಂದು ಪಾತ್ರೆ, ಒಂದು ಚೂರಿ, ಒಂದು ಹಲಗೆ, ಫ್ರೀಜರಿನಲ್ಲಿ ಅದಕ್ಕೊಂದು ಮುಚ್ಚಿದ ಡಬ್ಬ, ಮತ್ತು ಫ್ಲ್ಯಾಟನ್ನು ಬೇರೆಯವರೊಂದಿಗೆ ಹಂಚಿಕೊಂಡಿದ್ದರೆ ಬೇಯಿಸುವ ಮೊದಲು ಅವರನ್ನು ಕೇಳುವುದು.

ಭಾನುವಾರದ ಊಟ, ಎಂಟು ಜನರಿಗೆ

2022ರ ಜನವರಿಯಲ್ಲಿ ಇಲ್ಲಿನ ವಾರಾಂತ್ಯ ಶುಕ್ರ, ಶನಿಯಿಂದ ಶನಿ, ಭಾನುವಾರಕ್ಕೆ ಬದಲಾಯಿತು. ಅದಕ್ಕೆ ಮೊದಲು ನಮಗೆಲ್ಲ ಶುಕ್ರವಾರವೇ ‘ಭಾನುವಾರ’. ಈಗಲೂ ಅನೇಕ ಕಂಪನಿಗಳಲ್ಲಿ ವಾರಕ್ಕೆ ಒಂದೇ ರಜೆ, ದಾದಿಯರಿಗೆ ಪಾಳಿ. ಆದ್ದರಿಂದ ಕರೆಯುವಾಗ ‘ಭಾನುವಾರ ಬನ್ನಿ’ ಎನ್ನುವ ಮೊದಲು ‘ನಿಮ್ಮ ರಜೆ ಯಾವತ್ತು’ ಎಂದು ಕೇಳಬೇಕು. ಅದರ ಜೊತೆಗೇ ಕೇಳಬೇಕಾದ ಎರಡನೆಯ ಪ್ರಶ್ನೆ, ಏನು ತಿನ್ನುವುದಿಲ್ಲ ಎಂಬುದು. ಏನು ಇಷ್ಟ ಎಂದು ಕೇಳಿದರೆ ‘ಏನಾದರೂ ಆದೀತು’ ಎನ್ನುತ್ತಾರೆ, ಅದರಿಂದ ಉಪಯೋಗವಿಲ್ಲ. ಕೇರಳದ ಸಿರಿಯನ್ ಕ್ರೈಸ್ತ ಸ್ನೇಹಿತರು ಡಿಸೆಂಬರ್ 1ರಿಂದ ಕ್ರಿಸ್ಮಸ್‌ವರೆಗೆ ಇಪ್ಪತ್ತೈದು ದಿನದ ನೋಂಬು, ಅಂದರೆ ಮಾಂಸ ಬಿಡುವ ವ್ರತ, ಹಿಡಿಯುತ್ತಾರೆ. ಆ ದಿನಗಳಲ್ಲಿ ಕೋಳಿ ಮಾಡಿ ಕರೆದರೆ ಅವರು ಬಂದು ಅನ್ನ ಸಾರು ಉಂಡು ಹೋಗುತ್ತಾರೆ, ಏನೂ ಹೇಳುವುದಿಲ್ಲ. ನಿಮಗೆ ಮಾತ್ರ ವರ್ಷವಿಡೀ ನೆನಪಾಗುತ್ತದೆ.

ನಾವು ಒಂದು ಬಾರಿಗೆ ಕರೆಯುವುದು ಆರು ಜನರನ್ನು. ನಾವಿಬ್ಬರು ಸೇರಿ ಎಂಟು. ನಮ್ಮಲ್ಲಿರುವ ತಟ್ಟೆಗಳೂ ಎಂಟೇ. ಆರು ಜನರಲ್ಲಿ ಒಂದು ಕುಟುಂಬ ಚೆನ್ನಾಗಿ ಬಲ್ಲವರು, ಮತ್ತೊಂದು ಹೊಸ ಪರಿಚಯ, ಬೆಡ್‌ಸ್ಪೇಸಿನಲ್ಲಿ (ಹಂಚಿಕೊಂಡ ಕೋಣೆಯಲ್ಲಿ ಒಂದು ಹಾಸಿಗೆ ಮಾತ್ರ ಬಾಡಿಗೆಗೆ ಪಡೆದು) ಇರುವವರು ಒಬ್ಬರೋ ಇಬ್ಬರೋ ಕಡ್ಡಾಯ. ಈ ಊರಿನಲ್ಲಿ ಮನೆ ಊಟದ ಬೆಲೆ ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ.

ಅಡುಗೆಯ ಪಟ್ಟಿ ಹೀಗೆ: ಹಂದಿ ಬಫಾತ್, ಸನ್ನ (ಇಡ್ಲಿಯಂತೆ ಹಬೆಯಲ್ಲಿ ಬೇಯಿಸುವ ಅಕ್ಕಿಯ ತಿಂಡಿ), ಒಂದು ಕೋಳಿ ಸುಕ್ಕ, ಒಂದು ತರಕಾರಿ, ಅನ್ನ, ತಿಳಿಸಾರು. ಸಿಹಿಗೆ ಅಂಗಡಿಯ ಐಸ್‌ಕ್ರೀಂ. ಸಿಹಿಯನ್ನೂ ಮನೆಯಲ್ಲೇ ಮಾಡುತ್ತೇನೆ ಎನ್ನುವ ಹಟವೇ ಗಂಡಹೆಂಡತಿ ಜಗಳದ ಮೂಲ.

ಶನಿವಾರ ಸಂಜೆ ಬಫಾತ್. ಎರಡು ಕಿಲೋ ಮಾಂಸ, ಕೊಬ್ಬು ಇರುವಂಥದ್ದು, ಸ್ವಲ್ಪ ದೊಡ್ಡ ತುಂಡುಗಳು. ಈರುಳ್ಳಿ, ಶುಂಠಿ, ಹಸಿಮೆಣಸು, ಲವಂಗ, ಚಕ್ಕೆ, ಕಿಲೋಗೆ ಮೂರು ದೊಡ್ಡ ಚಮಚದಂತೆ ಪುಡಿ, ಹುಳಿಗೆ ವಿನೆಗರ್ ಅಥವಾ ಹುಣಸೆ. ನೀರು ಹೆಚ್ಚು ಹಾಕಬಾರದು, ಮಾಂಸವೇ ನೀರು ಬಿಡುತ್ತದೆ. ಸಣ್ಣ ಉರಿಯಲ್ಲಿ ಬೇಯಿಸಿ, ಆರಿದ ಮೇಲೆ ಫ್ರಿಜ್‌ಗೆ. ಮರುದಿನ ಬಿಸಿ ಮಾಡಿದಾಗಲೇ ಅದಕ್ಕೆ ನಿಜವಾದ ರುಚಿ. ಅತಿಥಿ ಬರುವ ದಿನ ಒಲೆಯ ಮುಂದೆ ನಿಲ್ಲಬೇಕಾಗಿಲ್ಲ ಎಂಬುದು ಅದರ ಇನ್ನೊಂದು ಪುಣ್ಯ.

ರಾತ್ರಿ ಮಲಗುವ ಮೊದಲು ಎರಡು ಕಪ್ ಕುಚ್ಚಲಕ್ಕಿ, ಒಂದು ಕಪ್ ಬೆಳ್ತಿಗೆ ಅಕ್ಕಿ ಒಟ್ಟಿಗೆ, ಅರ್ಧ ಕಪ್ ಉದ್ದಿನಬೇಳೆ ಬೇರೆಯಾಗಿ ನೆನೆಹಾಕಿ. ಬೆಳಿಗ್ಗೆ ನುಣ್ಣಗೆ ಅರೆಯಿರಿ. ಊರಿನಲ್ಲಿ ಸನ್ನಕ್ಕೆ ಶೇಂದಿ ಹಾಕುತ್ತಿದ್ದರು, ಇಲ್ಲಿ ಒಣ ಯೀಸ್ಟ್. ಒಂದು ಸಣ್ಣ ಚಮಚ ಯೀಸ್ಟನ್ನು ಉಗುರುಬೆಚ್ಚಗಿನ ನೀರು, ಸಕ್ಕರೆಯಲ್ಲಿ ಕಲಸಿ, ನೊರೆ ಬಂದ ಮೇಲೆ ಹಿಟ್ಟಿಗೆ ಸೇರಿಸಿ. ಹಿಟ್ಟು ಇಡ್ಲಿ ಹಿಟ್ಟಿನ ಹದಕ್ಕಿರಲಿ. ಏಸಿ ಓಡುವ ಮನೆಯಲ್ಲಿ ಹಿಟ್ಟು ಮುನಿಸಿಕೊಂಡು ಕುಳಿತುಬಿಡುತ್ತದೆ. ಒವನ್ ಹಚ್ಚದೆ, ಒಳಗಿನ ಬಲ್ಬ್ ಮಾತ್ರ ಉರಿಸಿ ಅದರೊಳಗೆ ಇಡಿ. ಬೇಸಿಗೆಯಾದರೆ ಹೊರಗೇ ಸಾಕು, ಮತ್ತು ಯೀಸ್ಟ್ ಅರ್ಧಕ್ಕೆ ಇಳಿಸಿ. ನಾವು ಹಿಟ್ಟು ಕಲಸಿಟ್ಟು ಪೂಜೆಗೆ ಹೋಗುತ್ತೇವೆ, ಬರುವ ಹೊತ್ತಿಗೆ ಉಬ್ಬಿರುತ್ತದೆ. ಒಮ್ಮೆ ಪೂಜೆಯ ನಂತರ ಯಾರೋ ಮಾತಿಗೆ ಸಿಕ್ಕಿ ತಡವಾಯಿತು. ಬಂದು ನೋಡಿದರೆ ಹಿಟ್ಟು ಪಾತ್ರೆ ಬಿಟ್ಟು ಒವನ್ನಿನ ಬಾಗಿಲಿನಿಂದ ಇಳಿದು ನೆಲ ತಲುಪಿತ್ತು. ಹಾಗಾಗಿ ಪಾತ್ರೆ ಹಿಟ್ಟಿನ ಮೂರು ಪಟ್ಟು ದೊಡ್ಡದಿರಲಿ. ಸಣ್ಣ ಬಟ್ಟಲುಗಳಲ್ಲಿ ಹದಿನೈದು ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಿದರೆ ಸುಮಾರು ಇಪ್ಪತ್ತೈದು ಸನ್ನ ಆಗುತ್ತವೆ.

ಕೆಲಸ ಹಂಚಿಕೊಳ್ಳುವ ಬಗ್ಗೆ ನನ್ನ ಅಭಿಪ್ರಾಯ ಖಂಡಿತವಾದದ್ದು. ‘ಸಹಾಯ ಮಾಡುತ್ತೇನೆ’ ಎನ್ನುವ ಗಂಡನಿಂದ ಪ್ರಯೋಜನವಿಲ್ಲ. ಅವನಿಗೆ ಪೂರ್ತಿ ಜವಾಬ್ದಾರಿ ಬೇಕು. ನಮ್ಮಲ್ಲಿ ಮಾಂಸ, ಸಾಮಾನು ತರುವುದು, ಪಾತ್ರೆ ನನ್ನದು. ಸನ್ನ, ತರಕಾರಿ, ಅತಿಥಿಗಳ ಪಟ್ಟಿ ಅವಳದ್ದು. ನನ್ನ ಭಾಗದಲ್ಲಿ ಉಪ್ಪು ಹೆಚ್ಚಾದರೆ ಅವಳು ಎಲ್ಲರ ಮುಂದೆ ಹೇಳಬಾರದು, ಅವಳ ಸನ್ನ ಉಬ್ಬದಿದ್ದರೆ ನಾನು ಇಡ್ಲಿ ಎನ್ನಬಾರದು.

ಬಂದವರಿಗೆ ಮೊದಲು ನೀರು ಮತ್ತು ಬೆಲ್ಲ. ನಾವು ಪಕ್ಕದಲ್ಲಿ ಖರ್ಜೂರವನ್ನೂ ಇಡುತ್ತೇವೆ, ಏಕೆಂದರೆ ಈ ನೆಲದ ಸತ್ಕಾರವೂ ಅಲ್ಲಿಂದಲೇ ಶುರುವಾಗುತ್ತದೆ. ಎಮಿರಾತಿ ಮನೆಗೆ ನೀವೇ ಅತಿಥಿಯಾಗಿ ಹೋದರೆ ಖರ್ಜೂರ ಮತ್ತು ಗಹ್ವಾ, ಅಂದರೆ ಅರಬ್ ಕಾಫಿ, ಕೊಡುತ್ತಾರೆ. ಬಲಗೈಯಲ್ಲಿ ತೆಗೆದುಕೊಳ್ಳಿ. ಸಣ್ಣ ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಿ ಹಿಂದಿರುಗಿಸಿದರೆ ಸಾಕು ಎಂದರ್ಥ. ಅದು ತಿಳಿಯದೆ ‘ಸಾಕು, ಸಾಕು’ ಎನ್ನುತ್ತಲೇ ನಾನು ಏಳು ಬಟ್ಟಲು ಕುಡಿದಿದ್ದೇನೆ.

ಮುಸ್ಲಿಂ ಸ್ನೇಹಿತರನ್ನು ಕರೆದ ದಿನ ಹಂದಿಮಾಂಸ ಮನೆಯಲ್ಲಿ ಬೇಯುವುದೇ ಬೇಡ. ಹಲಾಲ್ ಕೋಳಿ, ಎಂದೂ ಬೇರೆಯದಕ್ಕೆ ಬಳಸದ ಪಾತ್ರೆ. ಅವರು ಕೇಳಲು ಸಂಕೋಚಪಡುತ್ತಾರೆ, ಆದ್ದರಿಂದ ಬಾಗಿಲಲ್ಲೇ ನಾನೇ ಹೇಳಿಬಿಡುತ್ತೇನೆ: ‘ಪಾತ್ರೆ ಬೇರೆ, ಕೋಳಿ ನಿಮ್ಮ ಅಂಗಡಿಯದ್ದೇ.’ ಆಮೇಲೆ ಊಟ ಹಗುರವಾಗುತ್ತದೆ.

ಇನ್ನು ಗ್ಲಾಸಿನ ವಿಷಯ. ದುಬೈಯಲ್ಲಿ ಮದ್ಯ ಕೊಳ್ಳುವ ವೈಯಕ್ತಿಕ ಪರವಾನಗಿ 2023ರ ಜನವರಿಯಿಂದ ಶುಲ್ಕವಿಲ್ಲದೆ ಸಿಗುತ್ತಿದೆ, ವಯಸ್ಸು 21 ಆಗಿರಬೇಕು. ಶಾರ್ಜಾದಲ್ಲಿ ಪೂರ್ಣ ನಿಷೇಧ. ನಿಮ್ಮ ಅತಿಥಿ ಶಾರ್ಜಾದಿಂದ ಬಂದಿದ್ದರೆ ಉಳಿದ ಬಾಟಲಿಯನ್ನು ಪ್ರೀತಿಯಿಂದ ಅವರ ಕಾರಿನಲ್ಲಿ ಇಡಬೇಡಿ. ಕುಡಿದು ಗಾಡಿ ಓಡಿಸುವವರಿಗೆ ಇಲ್ಲಿ ‘ಸ್ವಲ್ಪ’ ಎಂಬ ರಿಯಾಯಿತಿ ಇಲ್ಲ, ಒಂದು ಗುಟುಕಿಗೂ ಶಿಕ್ಷೆಯಿದೆ. ನಮ್ಮ ಮನೆಯ ನಿಯಮ: ಕುಡಿದವರ ಕಾರಿನ ಕೀಲಿ ಬಾಗಿಲ ಬಳಿಯ ಬುಟ್ಟಿಯಲ್ಲಿ, ಟ್ಯಾಕ್ಸಿ ನಮ್ಮ ಲೆಕ್ಕದಲ್ಲಿ. ಇದರಿಂದ ಕೋಪಿಸಿಕೊಂಡು ಬರುವುದನ್ನೇ ಬಿಟ್ಟವರು ಒಬ್ಬರಿದ್ದಾರೆ. ಇರಲಿ.

ಬಾಲ್ಕನಿಯಲ್ಲಿ ಕೆಂಡ ಹಚ್ಚಿ ಮಾಂಸ ಸುಡುವ ಉಮೇದು ಬೇಡ, ಅದಕ್ಕೆ ಅನುಮತಿಯಿಲ್ಲ. ರಸ್ತೆಗೆ ಕಾಣುವಂತೆ ಅಲ್ಲಿ ಬಟ್ಟೆ ಒಣಗಿಸಿದರೂ ದಂಡ ಬೀಳುತ್ತದೆ.

ವಿಸಿಟ್ ವೀಸಾದ ಅತಿಥಿ

ಊಟಕ್ಕೆ ಬಂದು ಹೋಗುವ ಅತಿಥಿ ಸುಲಭ. ಕಷ್ಟ ಇರುವುದು ಕೆಲಸ ಹುಡುಕಲು ಬರುವ ಚಿಕ್ಕಪ್ಪನ ಮಗನಲ್ಲಿ. ಊರಿನಿಂದ ಫೋನ್ ಬರುತ್ತದೆ: ‘ನಿಮ್ಮ ಮನೆಯಲ್ಲಿ ಒಂದು ಮೂಲೆ ಸಾಕು, ಹುಡುಗ ಯಾರಿಗೂ ತೊಂದರೆ ಕೊಡುವವನಲ್ಲ.’ ನಾನೂ ಹಾಗೆಯೇ ಬಂದವನಾದ್ದರಿಂದ ಇಲ್ಲ ಎನ್ನುವುದು ನನ್ನಿಂದಾಗದು. ಆದರೆ ಒಂದು ಕೋಣೆಯ ಮನೆಯಲ್ಲಿ ಹಾಲ್‌ನಲ್ಲಿ ಒಬ್ಬ ಮಲಗಿದರೆ, ಹೊಸದಾಗಿ ಮದುವೆಯಾದವರು ರಾತ್ರಿ ನೀರು ಕುಡಿಯಲು ಬರುವುದಕ್ಕೂ ಕೆಮ್ಮಿ ಬರಬೇಕು. ಮೂರು ಬಾರಿ ಎಡವಿ ಕಲಿತದ್ದನ್ನು ಹೇಳುತ್ತೇನೆ.

ಹೌದು ಎನ್ನುವ ಮೊದಲು ಹೆಂಡತಿಯನ್ನು ಕೇಳಿ. ಫೋನನ್ನು ಕಿವಿಯಲ್ಲಿಟ್ಟುಕೊಂಡೇ ಅಲ್ಲ, ಇಟ್ಟ ಮೇಲೆ. ‘ಅವಳನ್ನು ಕೇಳಿ ಹೇಳುತ್ತೇನೆ’ ಎಂದರೆ ಊರಿನಲ್ಲಿ ನಗುತ್ತಾರೆ, ನಗಲಿ.

ದಿನವನ್ನು ಮೊದಲೇ ಹೇಳಿ, ಮತ್ತು ಹುಡುಗನಿಗಲ್ಲ, ಅವನನ್ನು ಕಳುಹಿಸುವ ಹಿರಿಯರಿಗೆ ಹೇಳಿ: ‘ಚಿಕ್ಕಪ್ಪ, ಮೂವತ್ತು ದಿನ ನಮ್ಮಲ್ಲಿ ಇರಲಿ. ಆಮೇಲೆ ಬೆಡ್‌ಸ್ಪೇಸ್ ನಾನೇ ನೋಡಿ ಕೊಡುತ್ತೇನೆ, ಮೊದಲ ತಿಂಗಳ ಬಾಡಿಗೆಯೂ ನನ್ನದು.’ ಬಾಡಿಗೆ ಕೊಡುವುದು ನಷ್ಟವೆನಿಸಬಹುದು. ಮುರಿದ ಸಂಬಂಧಕ್ಕಿಂತ ಅಗ್ಗ, ಇದು ನಾನು ಲೆಕ್ಕ ಹಾಕಿ ಹೇಳುತ್ತಿರುವ ಮಾತು.

ಅವನ ವೀಸಾ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ಅವಧಿ ಮೀರಿದರೆ ದಿನಕ್ಕೆ 50 ದಿರ್ಹಾಮ್ ದಂಡ. ವಿಸಿಟ್ ವೀಸಾದಲ್ಲಿ ‘ಟ್ರಯಲ್’ ಎಂದು ಯಾರಾದರೂ ಕೆಲಸಕ್ಕೆ ಕರೆದರೆ ಹೋಗಬಾರದು ಎಂದು ಮೊದಲ ದಿನವೇ ಹೇಳಿ, ಅದು ಕಾನೂನುಬಾಹಿರ. ಮನೆಯ ಒಂದು ಕೀಲಿ, ಮೆಟ್ರೊ, ಬಸ್ಸಿಗೆ ಬಳಸುವ ಒಂದು ನೋಲ್ ಕಾರ್ಡು, ಒಂದು ಸಿಮ್ ಕೊಟ್ಟರೆ ಅವನು ನಿಮ್ಮ ದಾರಿ ಕಾಯುತ್ತಾ ಕೂರುವುದು ತಪ್ಪುತ್ತದೆ. ಅವನ ಪಾಲಿಗೊಂದು ಕೆಲಸವನ್ನೂ ಕೊಡಿ. ಕಸ ಹೊರಹಾಕುವುದೋ, ಬೆಳಗಿನ ಕಾಫಿಯೋ. ಏನೂ ಮಾಡಬೇಡ ಎಂದು ಕೂರಿಸಿದ ಹುಡುಗ ಎರಡನೆಯ ವಾರಕ್ಕೆ ಮುದುಡಿಹೋಗುತ್ತಾನೆ. ಸಂದರ್ಶನದಿಂದ ಬಂದವನನ್ನು ‘ಏನಾಯಿತು’ ಎಂದು ಬಾಗಿಲಲ್ಲೇ ಕೇಳಬೇಡಿ. ನನ್ನನ್ನು ಕರಾಮಾದ ಆ ದಂಪತಿ ಎಂದೂ ಕೇಳಲಿಲ್ಲ. ಕೆಲಸ ಸಿಕ್ಕಿದ ದಿನ ನಾನೇ ಓಡಿ ಹೋಗಿ ಹೇಳಿದೆ.

ಅತ್ತೆ ಮಾವ ಬಂದಾಗ

ನವೆಂಬರಿನಿಂದ ಮಾರ್ಚ್ ಒಳಗೆ ಕರೆಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿರಿಯರು ಮನೆಯಿಂದ ಹೊರಗೆ ಕಾಲಿಡಲಾಗದು, ಮೂರನೆಯ ದಿನಕ್ಕೇ ಅಂಗಳ, ದನ, ಪಕ್ಕದ ಮನೆ ನೆನಪಾಗಿ ‘ಟಿಕೆಟ್ ಹಿಂದಕ್ಕೆ ಮಾಡಲು ಆಗುತ್ತದೆಯೇ’ ಎನ್ನುತ್ತಾರೆ. ಔಷಧಿಗಳನ್ನು ವೈದ್ಯರ ಚೀಟಿಯೊಂದಿಗೆ, ಮೂಲ ಪೊಟ್ಟಣದಲ್ಲೇ ತರಲಿ. ನೋವಿನ ಕೆಲವು ಮಾತ್ರೆಗಳಿಗೆ, ಟ್ರಮಡಾಲ್, ಕೋಡೀನ್ ಇರುವಂಥವಕ್ಕೆ, ಇಲ್ಲಿನ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಬೇಕು. ಪ್ರಯಾಣ ವಿಮೆ ಮಾಡಿಸಿ.

ಮಲಗುವ ಕೋಣೆಯನ್ನು ಅವರಿಗೆ ಬಿಟ್ಟುಕೊಡಿ, ನೀವು ಹಾಲ್‌ಗೆ ಬನ್ನಿ. ಇದರಲ್ಲಿ ಚರ್ಚೆಯಿಲ್ಲ. ಅಡುಗೆಮನೆಯಲ್ಲಿ ಮಾತ್ರ ಚರ್ಚೆಯಿದೆ. ನನ್ನ ಹೆಂಡತಿ ಕಂಡುಕೊಂಡ ಉಪಾಯ: ಮಧ್ಯಾಹ್ನದ ಅಡುಗೆ ಅತ್ತೆಯವರದ್ದು, ಹೇಗೆ ಬೇಕಾದರೂ ಮಾಡಲಿ, ರಾತ್ರಿಯದ್ದು ಅವಳದ್ದು. ಡಬ್ಬಿಗಳ ಜಾಗ ಬದಲಾದರೆ ಅವರು ಹೋಗುವವರೆಗೆ ಹಾಗೆಯೇ ಇರಲಿ.

ಮಾಲ್‌ಗಳು ಅವರಿಗೆ ಎರಡು ಗಂಟೆಯಲ್ಲಿ ಸಾಕಾಗುತ್ತವೆ. ಕ್ರೀಕ್‌ನ ಅಬ್ರಾ ದೋಣಿಯಲ್ಲಿ ಒಂದು ದಿರ್ಹಾಮ್ ಕೊಟ್ಟು ಬರ್ ದುಬೈಯಿಂದ ದೇರಾಕ್ಕೆ ದಾಟಿಸಿ, ಅಲ್ಲಿಂದ ವಾಟರ್‌ಫ್ರಂಟ್ ಮಾರ್ಕೆಟ್‌ಗೆ ಕರೆದುಕೊಂಡು ಹೋಗಿ. ನನ್ನ ಮಾವ ಬುರ್ಜ್ ಖಲೀಫಾದ ಕೆಳಗೆ ನಿಂತು ‘ಹೂಂ’ ಎಂದರು. ಅಂಜಲ್ ಮೀನಿನ ರಾಶಿಯ ಮುಂದೆ ಅರ್ಧ ಗಂಟೆ ನಿಂತು ಬೆಲೆ ಚೌಕಾಸಿ ಮಾಡಿದರು, ತುಳುವಿನಲ್ಲಿ. ಮೀನು ಮಾರುವವನು ಮಲಯಾಳಿ, ವ್ಯಾಪಾರ ಕುದುರಿತು.

ತೆನೆ ಹಬ್ಬ, ಕುಸ್ವಾರ್, ತಪಸ್ಸುಕಾಲ

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮಾತೆ ಮರಿಯಮ್ಮನ ಜನ್ಮದಿನ, ನಮ್ಮ ತೆನೆ ಹಬ್ಬ) ಊರಿನಲ್ಲಿ ಹೊಸ ತೆನೆ ಆಶೀರ್ವಾದವಾಗುತ್ತದೆ. ಅದರ ನಾಲ್ಕು ಕಾಳನ್ನು ಪುಡಿ ಮಾಡಿ ಊರಿನಿಂದ ಬರುವವರ ಕೈಯಲ್ಲಿ ಕಳುಹಿಸುವ ರೂಢಿ ನಮ್ಮಲ್ಲಿ ಹಳೆಯದು. ಪುಡಿ ತಲುಪದಿದ್ದರೂ ಹಬ್ಬ ನಿಲ್ಲಬಾರದು, ಹೊಸ ಅಕ್ಕಿಯ ಒಂದು ಹಿಡಿಯಿಂದಲೇ ತೆಂಗಿನ ಹಾಲಿನಲ್ಲಿ ಕಲಸಿ ಎಲ್ಲರಿಗೂ ಒಂದೊಂದು ಚಮಚ ಕೊಡಿ, ಮನೆಯ ಹಿರಿಯರಿಂದ ಶುರುಮಾಡಿ. ಊಟ ಅಂದು ಸಸ್ಯಾಹಾರ, ತರಕಾರಿ ಬಗೆಗಳು ಮೂರು, ಐದು ಅಥವಾ ಏಳು, ಬೆಸಸಂಖ್ಯೆಯಲ್ಲಿ. ಇಬ್ಬರೇ ಇರುವ ಮನೆಗೆ ಮೂರು ಸಾಕು. ಹಬ್ಬ ಕೆಲಸದ ದಿನ ಬಂದರೆ ರಾತ್ರಿ ಊಟಕ್ಕೆ ಇಟ್ಟುಕೊಳ್ಳಿ. ಹಿಂದೂ ಗೆಳೆಯರನ್ನು ಕರೆಯಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಊಟವಿಲ್ಲ.

ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳನ್ನು, ಒಬ್ಬರೇ ಮಾಡಲು ಹೋಗಬೇಡಿ. ನಾವು ಐದು ದಂಪತಿಗಳು ಡಿಸೆಂಬರಿನ ಮೊದಲ ವಾರ ತಿಂಡಿಗಳನ್ನು ಹಂಚಿಕೊಳ್ಳುತ್ತೇವೆ: ಒಂದು ಮನೆಯಲ್ಲಿ ಕಿಡಿಯೊ, ಒಂದರಲ್ಲಿ ನೆವ್ರಿ, ಒಂದರಲ್ಲಿ ಕೊಕ್ಕಿಸ್, ಒಂದರಲ್ಲಿ ಚಕ್ಕುಲಿ, ಮತ್ತೊಂದರಲ್ಲಿ ಕೇಕು. ಪ್ರತಿಯೊಬ್ಬರೂ ತಮ್ಮದನ್ನು ಐದು ಪಾಲು ಮಾಡಿ ತರುತ್ತಾರೆ. ನಮ್ಮ ಪಾಲಿಗೆ ಬರುವುದು ಕಿಡಿಯೊ. ಒಂದು ಕಿಲೋ ಮೈದಾಕ್ಕೆ ಎರಡು ಮೊಟ್ಟೆ, ನಾಲ್ಕು ಚಮಚ ಬಿಸಿ ತುಪ್ಪ, ಒಂದು ಕಪ್ ದಪ್ಪ ತೆಂಗಿನ ಹಾಲು, ಉಪ್ಪು. ಹಿಟ್ಟನ್ನು ಸಣ್ಣ ಗೋಲಿಗಳಾಗಿ ಮಾಡಿ, ಮುಳ್ಳುಚಮಚದ ಬೆನ್ನಿನ ಮೇಲೆ ಒತ್ತಿ ಸುರುಳಿ ಸುತ್ತಿ, ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸುವುದು. ಸುತ್ತುವ ಕೆಲಸಕ್ಕೆ ಎರಡು ಸಂಜೆ ಬೇಕು. ಬೆಡ್‌ಸ್ಪೇಸಿನ ಹುಡುಗರನ್ನು ಆ ಸಂಜೆಗಳಿಗೆ ಕರೆಯಿರಿ. ಹಬ್ಬದ ದಿನ ಬಡಿಸಿಕೊಂಡು ಉಣ್ಣುವುದಕ್ಕಿಂತ ಈ ಕಿಡಿಯೊ ಸುತ್ತುವಾಗಲೇ ಅವರು ಮನೆಯವರಾಗುವುದು. ಯೇಸುವಿನ ಜನನದ ದೃಶ್ಯ ತೋರಿಸುವ ಗೋದಲಿಗೆ ಮರಳು ಹೇರಳವಾಗಿದೆ, ಹುಲ್ಲು ಮಾತ್ರ ಸಾಕುಪ್ರಾಣಿಗಳ ಅಂಗಡಿಯಲ್ಲಿ ಕೊಳ್ಳಬೇಕು.

ಇತ್ತೀಚಿನ ವರ್ಷಗಳಲ್ಲಿ ತಪಸ್ಸುಕಾಲ (ಬೂದಿ ಬುಧವಾರದಿಂದ ಶುರುವಾಗುವ, ಈಸ್ಟರ್‌ಗೆ ಮೊದಲಿನ ವ್ರತದ ದಿನಗಳು) ಮತ್ತು ರಮ್ಜಾನ್ ಒಟ್ಟಿಗೆ ಬರುತ್ತಿವೆ. 2025ರಲ್ಲಿ ಮಾರ್ಚ್ 1ಕ್ಕೆ ರಮ್ಜಾನ್, 5ಕ್ಕೆ ಬೂದಿ ಬುಧವಾರ. ಈ ತಿಂಗಳು ದೊಡ್ಡ ಊಟಗಳಿಗೆ ಬಿಡುವು ಕೊಡಿ. ಪಕ್ಕದ ಫ್ಲ್ಯಾಟಿನ ಮುಸ್ಲಿಂ ಕುಟುಂಬಕ್ಕೆ ಒಂದು ತಟ್ಟೆ ಹಣ್ಣು, ಖರ್ಜೂರ ಸೂರ್ಯಾಸ್ತಕ್ಕೆ ಇಪ್ಪತ್ತು ನಿಮಿಷ ಮೊದಲು ತಲುಪಲಿ. ಉಪವಾಸ ಬಿಡುವ ಗಳಿಗೆಯಲ್ಲೇ ಬಾಗಿಲು ತಟ್ಟಬೇಡಿ. ಅವರು ಕಳುಹಿಸುವ ಹರೀಸ್ ಗೋಧಿ ಮತ್ತು ಮಾಂಸದ್ದು, ತಪಸ್ಸುಕಾಲದ ಶುಕ್ರವಾರ ನಮಗೆ ಮಾಂಸವಿಲ್ಲ, ಅಂದು ಬಂದರೆ ಶನಿವಾರ ತಿನ್ನಿ.

ಬೀಳ್ಕೊಡುವಾಗ

ಉಳಿದ ಅಡುಗೆಯನ್ನು ಅತಿಥಿಗಳು ಕೈ ತೊಳೆಯುವಷ್ಟರಲ್ಲಿ ಡಬ್ಬಿಗಳಿಗೆ ತುಂಬಿಬಿಡಿ. ಹೊರಡುವಾಗ ಕೇಳಿದರೆ ಎಲ್ಲರೂ ಬೇಡ ಎನ್ನುತ್ತಾರೆ, ಕೈಗೆ ಕೊಟ್ಟರೆ ಯಾರೂ ಬಿಡುವುದಿಲ್ಲ. ಬೆಡ್‌ಸ್ಪೇಸಿನವರ ಡಬ್ಬಿ ಸ್ವಲ್ಪ ದೊಡ್ಡದಿರಲಿ, ಅಲ್ಲಿ ಕೋಣೆಯಲ್ಲಿ ಇನ್ನೂ ಮೂವರು ಇರುತ್ತಾರೆ. ಬಫಾತ್ ಇರುವ ಡಬ್ಬಿಯ ಮೇಲೆ ಮಾತ್ರ ತಪ್ಪದೆ ಹೆಸರು ಬರೆಯಿರಿ, ಆ ಮೂವರಲ್ಲಿ ಯಾರು ಏನು ತಿನ್ನುತ್ತಾರೋ ನಮಗೆ ತಿಳಿಯದು. ಒಳ್ಳೆಯ ಡಬ್ಬಿಗಳನ್ನು ಬಳಸಬೇಡಿ, ಐಸ್‌ಕ್ರೀಂ ಡಬ್ಬಿಗಳನ್ನು ತೊಳೆದು ಕೂಡಿಟ್ಟಿರಿ. ಲಿಫ್ಟ್‌ವರೆಗೆ ಹೋಗಿ, ಅಲ್ಲಿ ಇನ್ನೊಂದು ಅರ್ಧ ಗಂಟೆ ಮಾತನಾಡುವುದು ಹೇಗೂ ಇದ್ದದ್ದೇ. ಒಲೆ ಆರಿಸಿ ಹೋಗಿ.